ಹಾಲಿನ ಬೂತಿನ ಹಿಂದಿನ ಕಂಡಿ

ಹಿಂದಿ ಸೀಮೆಯ ಪೀತಮ್‌ಪುರದ ನಮ್ಮ ಪಾರ್ಕಿನಲ್ಲಿ ಬೆಳಗಿನ ವಾಕಿಂಗಿಗೆ ಒಬ್ಬನೇ ಚಾಂಪಿಯನ್. ನಾನು! ವಯಸ್ಸು ಎಪ್ಪತ್ತರ ಮೇಲೆ, ನನ್ನ ಸಕ್ಕರೆ ಕಾಯಿಲೆಗೂ ಪ್ರಾಯ ಬಂದಿದೆ. ಆದರೂ ಪಕ್ಕದ ಮನೆ ಗುಪ್ತಾಜಿ ಸುತ್ತು ಮುಗಿಸಿ ಗೇಟಿಗೆ ಬರುವಷ್ಟರಲ್ಲಿ ನಾನು ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿರುತ್ತಿದ್ದೆ. ಗುಟ್ಟು ಇಷ್ಟೇ: ಹಾಲಿನ ಬೂತಿನ ಹಿಂದೆ ಬೇಲಿಯಲ್ಲೊಂದು ಕಂಡಿ ಇದೆ. ನುಗ್ಗಿದರೆ ಅರ್ಧ ಸುತ್ತು ಉಳಿತಾಯ. ಗುಪ್ತಾಜಿಯನ್ನು ಮುಂದೆ ಬಿಟ್ಟು ನುಗ್ಗುವುದು, ತೀರಾ ಬೇಗ ಹೋದರೆ ಅನುಮಾನ ಬರುತ್ತದೆಂದು ಅಲ್ಲಿನ ಖಾಲಿ ಕ್ರೇಟಿನ ಮೇಲೆ ಸ್ವಲ್ಪ ಕೂರುವುದು, ಆಮೇಲೆ ಗೆಲ್ಲುವುದು.

ಈ ಸಲ ಸಕ್ಕರೆ ಡಾಕ್ಟರು ಹೃದಯವನ್ನೂ ಒಮ್ಮೆ ನೋಡಿಬಿಡೋಣ ಎಂದರು. ಎದೆನೋವೇ ಇಲ್ಲವಲ್ಲ ಎಂದೆ. ಹಳೇ ಸಕ್ಕರೆಯವರಿಗೆ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ, ಹೃದಯ ಸದ್ದಿಲ್ಲದೆ ಕೆಟ್ಟಿರುತ್ತದೆ ಎಂದರು. ನಡೆದರೆ ಸುಸ್ತಾಗುತ್ತದೆಯೇ ಎಂದೂ ಕೇಳಿದರು. ಮೂರು ಸುತ್ತು ಹಾಕುತ್ತೇನೆ, ಸುಸ್ತೆಂದರೇನೆಂದೇ ತಿಳಿಯದು ಎಂದು ಅಚ್ಚ ಹಿಂದಿಯಲ್ಲಿ ಘೋಷಿಸಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಸರೋಜ ತರಕಾರಿ ಭಯ್ಯಾನ ಹತ್ತಿರ ಚೌಕಾಸಿಗಲ್ಲದೆ ಹಿಂದಿ ಆಡಿದವಳಲ್ಲ ಎಂಬ ಧೈರ್ಯ.

"ಝೂಠ್, ಡಾಕ್ಟರ್ ಸಾಬ್," ಎಂದಳು.

ದಿನಾ ಬೂತಿಗೆ ಹಾಲು ತರಲು ಹೋಗುವವಳು ಅವಳೇ ಎಂಬುದನ್ನು ಈ ಚಾಂಪಿಯನ್ ಮರೆತಿದ್ದ. ಕಂಡಿ, ಕ್ರೇಟು ಎಲ್ಲ ವರದಿಯಾಯಿತು. ಹಿಂದಿ ತಪ್ಪಿತ್ತು, ವಿಷಯ ತಪ್ಪಿರಲಿಲ್ಲ!

ಡಾಕ್ಟರು ನಗಲಿಲ್ಲ. ಮೊದಲು ಪೂರ್ತಿ ಸುತ್ತು ಹಾಕುತ್ತಿದ್ದಿರಾ, ಈ ಅಡ್ಡದಾರಿ ಯಾವಾಗಿನಿಂದ ಎಂದು ವಿಚಾರಿಸಿದರು. ಹೋದ ದೀಪಾವಳಿಯಿಂದ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಸೀದಾ ಟ್ರೆಡ್‌ಮಿಲ್ ಪರೀಕ್ಷೆಗೆ ಕಳಿಸಿದರು.

ಆ ಯಂತ್ರದಲ್ಲಿ ಕಂಡಿ ಇಲ್ಲ! ಎದೆಗೆ ವೈರು ಅಂಟಿಸಿಕೊಂಡು ನಡೆಯತೊಡಗಿದೆನೋ ಇಲ್ಲವೋ, ಮೇಲುಸಿರು ಹತ್ತಿತು. ತೆರೆಯ ಮೇಲಿನ ಗೆರೆ ನೋಡಿ ಪರೀಕ್ಷೆ ಮಾಡುವವರೇ ನಿಲ್ಲಿಸಿದರು. ಮುಂದೆ ಆಂಜಿಯೋಗ್ರಾಮ್, ರಕ್ತನಾಳದಲ್ಲಿ ಅಡ್ಡಿ, ಒಂದು ಸ್ಟೆಂಟು. ಮನೆಗೆ ಬರುವಾಗ ಆಟೋದಲ್ಲಿ ಸರೋಜ ಆಡಿದ್ದು ಒಂದೇ ಮಾತು.

"ನಿಮ್ಮ ತಮಾಷೆಗೆ ನಾನು ಒಂಟಿಯಾಗ್ತಿದ್ದೆ, ರೀ."



ಈಗ ಪೂರ್ತಿ ಸುತ್ತು, ನಿಧಾನವಾಗಿ. ಕಂಡಿಯ ಬಳಿ ಹಾಲಿನ ಪ್ಯಾಕೆಟ್ ಹಿಡಿದು ಸರೋಜಳ ಕಾವಲು. ಬೆಂಚಿನ ಮೇಲೆ ಗುಪ್ತಾಜಿ. ಮೊನ್ನೆ, ಇಷ್ಟು ದಿನ ನಿಮ್ಮನ್ನು ಹೇಗೆ ಏಮಾರಿಸಿದೆ ಗೊತ್ತೇ ಎಂದು ಅವರ ಮುಂದೆ ಗುಟ್ಟು ಬಿಚ್ಚಿದೆ. ಅವರು ಅಚ್ಛಾ ಎಂದು ತಲೆಯಾಡಿಸಿದರು. ಅವರು ನಡೆಯುವ ದಾರಿಯ ತಿರುವಿನಿಂದ ಕ್ರೇಟು ಚೆನ್ನಾಗಿ ಕಾಣುತ್ತದಂತೆ. ನಾನು ಅಲ್ಲಿ ಕೂತು ಏದುಸಿರು ಬಿಡುವುದನ್ನು ದಿನಾ ನೋಡಿ, ಪಾಪ, ಸುಧಾರಿಸಿಕೊಳ್ಳಲಿ ಎಂದು ಅವರೇ ನಿಧಾನವಾಗಿ ಬರುತ್ತಿದ್ದರಂತೆ.

ಏದುಸಿರು! ಕ್ರೇಟಿನ ಮೇಲೆ ಕೂರುವುದನ್ನು ನಾನು ಉಪಾಯ ಅಂದುಕೊಂಡಿದ್ದೆ.