ದೊಡ್ಡವರ ಲೋಕದಲ್ಲಿ ಷರೀಫ್ ಸಾಹೇಬರು

"ಒಂದು ದಿನ ತಾನೆ? ನಾಳೆ ಬೆಳಗ್ಗೆಯಿಂದ ಸಂಜೇವರೆಗೂ ನನ್ನ ಬಾಯಲ್ಲಿ ಗೂಡಿನ ಮಾತು ಬಂದ್ರೆ ನಾನು ಷರೀಫೇ ಅಲ್ಲ!"

ಶಿಡ್ಲಘಟ್ಟದ ಷರೀಫ್ ಸಾಹೇಬರು ಹೀಗೆ ಘೋಷಿಸಿದಾಗ ಮಗ ಸಲ್ಮಾನ್ ಕೆಮ್ಮಿದ, ಮಗಳು ಶಾಜಿಯಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಸಾಹೇಬರದು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಫಿಲೇಚರ್. ಗೂಡು ಬಿಟ್ಟರೆ ಅವರಿಗೆ ಬೇರೆ ಲೋಕವೇ ಇಲ್ಲ. ಮದುವೆಮನೆಯ ಬಿರಿಯಾನಿಯಲ್ಲಿ ಮೊಟ್ಟೆ ಸಿಕ್ಕರೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಹುಳು ಗಟ್ಟಿಯಿದೆಯೇ ಎಂದು ಪರೀಕ್ಷಿಸುವ ಆಸಾಮಿ! ಗೂಡು ಆರಿಸಲು ಕೂತರೆಂದರೆ ಕಲೆ ಬಿದ್ದದ್ದು, ತೆಳ್ಳಗಿನದು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು, ಎಲ್ಲವೂ ಹಿತ್ತಲಿಗೆ ಹಾರುತ್ತಿದ್ದವು. ಎಸೆದದ್ದರ ಗತಿ ಏನಾಯಿತೆಂದು ತಿರುಗಿ ನೋಡುವುದು ಅವರ ಘನತೆಗೆ ತಕ್ಕದ್ದಲ್ಲ.

ಈಗಿನ ಪಂಥಕ್ಕೆ ಕಾರಣ ಹೆಂಡತಿ ಜಾಹಿದಾ. ಚಿಕ್ಕಬಳ್ಳಾಪುರದಾಚೆ ಹೊಸದಾಗಿ ತೆರೆದಿದ್ದ ಥೀಮ್ ಪಾರ್ಕ್ ರೆಸಾರ್ಟಿಗೆ ಇಡೀ ಮನೆಗೆ ಪಾಸು ತಂದಿದ್ದಳು. ಯಾವುದೋ ಅಂಗಡಿಯ ಲಕ್ಕಿ ಡ್ರಾದಲ್ಲಿ ಬಂತಂತೆ. ಆದರೆ ಅಲ್ಲಿ ಗೂಡಿನ ಸುದ್ದಿ ಎತ್ತಕೂಡದು. ಎತ್ತಿದರೆ ಒಂದು ವಾರ ಗೂಡಿನ ಮಾರ್ಕೆಟ್ಟಿಗೆ ಆಕೆ, ಅಡುಗೆಮನೆಗೆ ಇವರು. ಮನೆಮಾತು ಉರ್ದುವಾದರೂ ಈ ಮನೆಯಲ್ಲಿ ಪಂಥ ಕಟ್ಟುವುದೆಲ್ಲ ಮಾರ್ಕೆಟ್ಟಿನ ಕನ್ನಡದಲ್ಲೇ. ಹೆಂಡತಿ ಹರಾಜಿಗೆ ನಿಂತು ತಾವು ಈರುಳ್ಳಿ ಹೆಚ್ಚುವುದೇ! ಶಿಡ್ಲಘಟ್ಟದಲ್ಲಿ ತಲೆಯೆತ್ತಿ ಓಡಾಡಲಾದೀತೇ? ಸಾಹೇಬರು ಮೀಸೆ ತಿರುವಿ ಒಪ್ಪಿಕೊಂಡರು.

ರೆಸಾರ್ಟಿನ ಬಾಗಿಲಲ್ಲೇ ಮಕ್ಕಳು ಜಾರುಬಂಡೆಯ ಕಡೆ ಓಡಿದರು. ಗಂಡಹೆಂಡಿರು 'ದೊಡ್ಡವರ ಲೋಕ. ಮಕ್ಕಳಿಗೆ ಪ್ರವೇಶವಿಲ್ಲ' ಎಂಬ ಬೋರ್ಡಿನ ಕೆಳಗೆ ಹಾದುಹೋದರು. ದೊಡ್ಡವರ ಲೋಕವೆಂದರೆ ಮತ್ತೇನಲ್ಲ. ಮಕ್ಕಳು ನೀರಿಗೆ ಬಿದ್ದು ಕಿರುಚಿದರೆ ಆಟ. ದೊಡ್ಡವರು ಅದೇ ನೀರಿನಲ್ಲಿ ಮಿಸುಕಾಡದೆ ನಿಂತರೆ ವಿಶ್ರಾಂತಿ. ಮಕ್ಕಳಿಗೆ ಬರೀ ನಿಂಬೆಹಣ್ಣಿನ ಪಾನಕ. ದೊಡ್ಡವರಿಗೆ ಅದೇ ಪಾನಕಕ್ಕೊಂದು ಕಾಗದದ ಛತ್ರಿ. ಮನೆಯಲ್ಲಿ ನಡುಹಗಲು ಬಿದ್ದುಕೊಂಡರೆ ಸೋಮಾರಿ ಎನ್ನುತ್ತಾರೆ. ಇಲ್ಲಿ ಪಕ್ಕದಲ್ಲೊಂದು ಊದುಬತ್ತಿ ಹಚ್ಚಿ, ಚಿಕಿತ್ಸೆ ಎನ್ನುತ್ತಾರೆ.

ಮೊದಲು ಸಾಹೇಬರನ್ನು ಗಂಡಸರ ಹಬೆಯ ಕೋಣೆಗೆ ತಳ್ಳಿದರು. ಸುತ್ತಲೂ ಬೆಂಗಳೂರಿನ ಹೊಟ್ಟೆಗಳು "ಆಹಾ" ಎಂದು ಬೆವರುತ್ತಿದ್ದವು. ದಿನಾ ಬೆಳಗ್ಗೆ ಫಿಲೇಚರ್‌ನಲ್ಲಿ ಕುಡಿಯುವ ಹಬೆಯನ್ನೇ ಇಲ್ಲಿ ಟವೆಲ್ಲು ಸುತ್ತಿಕೊಂಡು ಕುಡಿಯುವ ಭಾಗ್ಯ ಅವರದಾಯಿತು. "ಗೂಡು ಬೇಯಿಸೋದಕ್ಕೆ ಇಷ್ಟು ಶಾಖ ಸಾಲದು" ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡರು. ಹೊರಗೆ ಬಂದಾಗ ಗೆದ್ದೇ ಬಿಟ್ಟೆನೆಂಬ ಗತ್ತು ಮುಖದ ಮೇಲೆ ಕುಣಿಯುತ್ತಿತ್ತು.

ಕೊನೆಯದು ಜೋಡಿ ಫೇಶಿಯಲ್. ಅಕ್ಕಪಕ್ಕದ ಎರಡು ಕುರ್ಚಿಗಳಲ್ಲಿ ಇಬ್ಬರನ್ನೂ ಮಲಗಿಸಿದರು. ಜಾಹಿದಾಳ ಮುಖಕ್ಕೆ ಹಸಿರು ಲೇಪ ಬಳಿದು, ಕಣ್ಣಿನ ಮೇಲೆ ಸೌತೆಕಾಯಿ ಬಿಲ್ಲೆ ಇಟ್ಟಾಯಿತು. ಸಾಹೇಬರ ಪಾಲಿಗೆ ಬಂದವಳು ಚಿಂತಾಮಣಿಯ ಹುಡುಗಿ, ಭಾನುಪ್ರಿಯಾ. ಇದು ಇಲ್ಲಿಯ ಸ್ಪೆಷಲ್ಲು, ಸಿಲ್ಕ್ ಫೇಶಿಯಲ್ಲು, ಮುಖ ಗಾಜಿನ ಹಾಗೆ ಹೊಳೆಯುತ್ತದೆ ಎಂದು ವಿವರಿಸುತ್ತ, ಬಿಸಿನೀರಿನ ಬಟ್ಟಲಿಂದ ಏನನ್ನೋ ತೆಗೆದು ಒಂದೊಂದು ಬೆರಳಿಗೂ ಟೋಪಿಯ ಹಾಗೆ ತೊಟ್ಟುಕೊಂಡು ಅವರ ಕೆನ್ನೆಗೆ ಉಜ್ಜತೊಡಗಿದಳು.

ಸಾಹೇಬರು ಒಂದು ಕಣ್ಣು ತೆರೆದರು. ರೇಷ್ಮೆಗೂಡು! ಒಂದು ತುದಿ ಕತ್ತರಿಸಿ, ಹುಳು ತೆಗೆದು, ಅವರದೇ ಮುಖದ ಮೇಲೆ ಹೊರಳಾಡುತ್ತಿರುವ ಗೂಡು! ತುಟಿ ಕಚ್ಚಿದರು. ಕಾಲುಬೆರಳು ಮಡಚಿದರು. ಮನಸ್ಸಿನಲ್ಲೇ ಅಲ್ಲಾಹುವನ್ನು ನೆನೆದರು. ಕಲೆ ಬಿದ್ದ ಗೂಡೊಂದು ಹಣೆಯ ಮೇಲೆ ಹಾದುಹೋಯಿತು, ಸಹಿಸಿದರು. ತೆಳ್ಳಗಿನದೊಂದು ಗದ್ದಕ್ಕೆ ಬಂತು, ಅದನ್ನೂ ಸಹಿಸಿದರು. ಅಷ್ಟರಲ್ಲಿ ಮೂಗಿನ ಮೇಲೆ ಬಂದು ಕೂತಿತು ನೋಡಿ, ದಪ್ಪನೆಯ ಜೋಡಿ ಗೂಡು. ಇನ್ನು ಸಹಿಸಿದರೆ ಕುಲಕಸುಬಿಗೇ ಅವಮಾನ.

"ನಿಲ್ಸಮ್ಮಾ!" ಎಂದು ಎದ್ದು ಕೂತರು. "ಇದು ಜೋಡಿ ಗೂಡು. ಅದು ಕಲೆ ಬಿದ್ದಿದ್ದು. ಆ ಬಟ್ಟಲಲ್ಲಿ ಒಂದಾದರೂ ನೆಟ್ಟಗಿರೋ ಗೂಡು ಇದೆಯಾ? ಇಂಥ ಕಸಾನ ತಂದು ನಿಮ್ಮ ತಲೆಗೆ ಕಟ್ಟಿದ ಕುರುಡ ಯಾರು?"

ಪಕ್ಕದ ಕುರ್ಚಿಯಲ್ಲಿ ಸೌತೆಕಾಯಿ ಬಿಲ್ಲೆಗಳು ಅಲುಗಿದವು.

ಭಾನುಪ್ರಿಯಾಗೆ ಬೇಜಾರಾಯಿತು. "ಹಂಗನ್ಬೇಡಿ ಸಾರ್, ಇದು ಫಸ್ಟ್ ಕ್ವಾಲಿಟಿ. ಶಿಡ್ಲಘಟ್ಟದಲ್ಲಿ ಷರೀಫ್ ಸಾಹೇಬ್ರು ಅಂತ ಇದಾರಂತೆ, ಅವರ ಫಿಲೇಚರ್‌ದು. ಅವರ ಮನೆಯವರೇ ಶುಚಿ ಮಾಡಿ ತಿಂಗಳು ತಿಂಗಳು ಕಳಿಸ್ತಾರೆ. ನಾನು ಮುಖ ನೋಡಿಲ್ಲ, ಎಲ್ಲಾ ಫೋನಲ್ಲೇ. ನಮ್ಮ ಮ್ಯಾನೇಜರ್ರು ಖುಷಿಯಾಗಿ ಅವರ ಮನೆಯವರಿಗೆಲ್ಲ ಪಾಸು ಕೂಡ ಕೊಟ್ಟಿದಾರೆ" ಎಂದಳು.

ಲಕ್ಕಿ ಡ್ರಾದ ಗುಟ್ಟು, ಗೂಡಿನ ಮಾತೆತ್ತಬೇಡಿ ಎಂಬ ಷರತ್ತಿನ ಗುಟ್ಟು, ಎರಡೂ ಒಟ್ಟಿಗೇ ಸಾಹೇಬರ ತಲೆಗೆ ಇಳಿದವು. ಮೆಲ್ಲಗೆ ಪಕ್ಕಕ್ಕೆ ತಿರುಗಿದರು. ಹಸಿರು ಮುಖವೊಂದು ಒಂದು ಕಣ್ಣಿನ ಸೌತೆಕಾಯಿ ಎತ್ತಿ ಅವರನ್ನೇ ನೋಡುತ್ತಿತ್ತು.

"ಸಲ್ಮಾನನ ಅಬ್ಬಾ," ಎಂದಳು ಜಾಹಿದಾ, ಲೇಪ ಬಿರುಕು ಬಿಡದ ಹಾಗೆ ಜೋಪಾನವಾಗಿ, "ನೀವು ಆರಿಸಿದ ಗೂಡಲ್ಲಿ ಮನೆ ನಡೀತದೆ. ನೀವು ಎಸೆದ ಗೂಡಲ್ಲಿ ರೆಸಾರ್ಟ್ ನೋಡ್ತಾ ಇದೀವಿ. ಪಂಥ ಸೋತ್ರಿ, ಸುಮ್ನೆ ಮಲ್ಕೊಳ್ಳಿ."

ಮಲಗಿದರು. ಬೇರೆ ದಾರಿಯೇನಿತ್ತು?

ಸೋಮವಾರ ಜಾಹಿದಾ ಮಾರ್ಕೆಟ್ಟಿಗೆ ಹೋದಳು. ಸಾಹೇಬರು ಗಾಜಿನ ಹಾಗೆ ಹೊಳೆಯುವ ಮುಖ ಹೊತ್ತು ಅಡುಗೆಮನೆಯಲ್ಲಿ ಈರುಳ್ಳಿ ಆರಿಸುತ್ತಿದ್ದಾಗ ಆಕೆಯ ಫೋನು ಬಂತು. ಹರಾಜಿನಲ್ಲಿ ಗೂಡಿನ ಲಾಟು ಚೆನ್ನಾಗಿ ಸಿಕ್ಕಿದೆ. ಆದರೆ ರೆಸಾರ್ಟಿನವರು ಇನ್ನೂ ಬೇಕು ಅಂತಿದಾರೆ, ಮುಂದಿನ ವಾರದಿಂದ ಸ್ವಲ್ಪ ಜಾಸ್ತಿ ಎಸೀರಿ ಎಂದು ಅಪ್ಪಣೆಯಾಯಿತು.

ಷರೀಫ್ ಸಾಹೇಬರ ಕೈಯಲ್ಲಿ ಆಗ ಒಂದು ಕೊಳೆತ ಈರುಳ್ಳಿ ಇತ್ತು. ಹಿತ್ತಲಿಗೆ ಎಸೆಯಲು ಎತ್ತಿದ ಕೈ ಅಲ್ಲೇ ನಿಂತಿತು. ಸ್ವಲ್ಪ ಯೋಚಿಸಿ, ಅದನ್ನು ಒರೆಸಿ ಬುಟ್ಟಿಯಲ್ಲಿ ಬೇರೆಯಾಗಿ ಇಟ್ಟರು. ಯಾರಿಗೆ ಗೊತ್ತು, ನಾಳೆ ಯಾವ ದೊಡ್ಡಮನುಷ್ಯರ ಮುಖಕ್ಕೆ ಬೇಕಾಗುತ್ತದೋ!