ಎಡಗೈಯಲ್ಲಿ ಕೊಟ್ಟ ಪ್ರಶಸ್ತಿ

ದಾವಣಗೆರೆ, ೨ ಏಪ್ರಿಲ್ ೧೯೬೨

ಮಂಡಿಪೇಟೆಯ ಹಿಂಬದಿಯ ಟಾಕೀಸಿನಲ್ಲಿ, ಮೇಲಿನ ಕೋಣೆಯಲ್ಲಿ ವಿರಾಜಮಾನರಾಗಿರುವ ಪ್ರೊಜೆಕ್ಟರ್ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ಹದಿನಾಲ್ಕು ವರ್ಷಗಳಿಂದ ನನ್ನ ತಲೆಯ ಮೇಲೆಯೇ ಬೆಳಕು ಹಾಯಿಸುತ್ತ, ಅದರಲ್ಲಿ ಒಂದಿಷ್ಟೂ ತಲೆಯೊಳಗೆ ಇಳಿಯದಂತೆ ಎಚ್ಚರ ವಹಿಸಿರುವ ತಮಗೆ ಅನಂತ ವಂದನೆಗಳು.

ಕಳೆದ ತಿಂಗಳು ತಾವು ಮುಖ್ಯ ಚಿತ್ರಕ್ಕೆ ಮೊದಲು ದಯಪಾಲಿಸಿದ ಸುದ್ದಿಚಿತ್ರದಲ್ಲಿ ಬೊಂಬಾಯಿಯ ಚಲನಚಿತ್ರ ಪ್ರಶಸ್ತಿ ಸಮಾರಂಭವಿತ್ತು. ಸುದ್ದಿಚಿತ್ರ ಮುಗಿಯುವ ತನಕ ಹೊರಗೆ ಮಂಡಕ್ಕಿ ಮಿರ್ಚಿ ತಿನ್ನುತ್ತ ನಿಲ್ಲುವುದು ನಮ್ಮೂರಿನ ಪದ್ಧತಿಯಾದರೂ ನಾನು ಅಂದು ಮೊದಲೇ ಒಳಗಿದ್ದೆ; ಏಕೆಂದರೆ ನಮ್ಮ ಓಣಿಯ ಉಚ್ಚೆಂಗೆಮ್ಮನವರ ಮಗ ಸೂರಪ್ಪ, ಆ ಸಭಾಂಗಣದಲ್ಲಿ ಕೆಲಸಕ್ಕಿರುವವನು, ವೇದಿಕೆಯ ಮೇಲೆ ಫಲಕಗಳನ್ನು ಎತ್ತಿಕೊಡುವಾಗ ಕಾಣಿಸುತ್ತೇನೆಂದು ಕಾಗದ ಬರೆದಿದ್ದ. ಮೂರು ವರ್ಷದಿಂದ ಮಗನ ಮುಖ ಕಾಣದ ಆಕೆಯನ್ನು ನಾನೇ ಕರೆತಂದು ಹೆಂಗಸರ ವಿಭಾಗದಲ್ಲಿ ಕೂರಿಸಿದ್ದೆ.

ಸೂರಪ್ಪ ಬಂದ. ಎಡಗೈಯಲ್ಲಿ ಫಲಕ ಎತ್ತಿ ಅಧ್ಯಕ್ಷರಿಗೆ ಕೊಟ್ಟ. ಅಧ್ಯಕ್ಷರು ಅದನ್ನು ಎಡಗೈಯಲ್ಲೇ ನಟಿಗೆ ಕೊಟ್ಟರು. ಬಲ ಹೆಗಲ ಮೇಲೆ ಸೆರಗು ಹೊದ್ದಿದ್ದ ಆಕೆ ಎಡಗೈಯಲ್ಲೇ ಸ್ವೀಕರಿಸಿದರು. ಅಷ್ಟು ಹೊತ್ತೂ ಚಿತ್ರಕ್ಕೆ ಧ್ವನಿ ಇರಲಿಲ್ಲ. ಪರದೆಯ ಮುಂದಿನ ನೆಲದ ಗಾಂಧಿ ಕ್ಲಾಸಿನಿಂದ ಯಾರೋ, “ಬಲಗೈ ಮನ್ಯಾಗೆ ಬಿಟ್ ಬಂದಾರೇನ್ಲೇ!” ಎಂದು ಕೂಗಿದಾಗ ಟಾಕೀಸೆಲ್ಲ ನಕ್ಕಿತು. ನಾನು ನಗಲಿಲ್ಲ. ನನಗೆ ಅರ್ಥವಾಗಿತ್ತು, ಅದೇ ನನ್ನ ಕಾಯಿಲೆ. ಆ ಮೌನದಲ್ಲೂ ಎಡಗೈಯಲ್ಲೂ ಸನ್ಮಾನಗಳ ಬಗ್ಗೆ ಆಧುನಿಕ ಕಲಾವಿದರಿಗಿರುವ ತಿರಸ್ಕಾರವಿದೆ ಎಂದು ನಾನು ಚಿತ್ರವಿಮರ್ಶೆ ಬರೆಯುವ ನಮ್ಮೂರ ವಾರಪತ್ರಿಕೆಯಲ್ಲಿ ಒಂದೂವರೆ ಅಂಕಣ ಬರೆದೆ. ಸೆರಗಿಗೇ ಒಂದು ಪ್ಯಾರಾ ಮೀಸಲಿಟ್ಟೆ.

ಉಚ್ಚೆಂಗೆಮ್ಮನವರು ಮಾತ್ರ ಅಂದೇ ಗೇಟಿನ ಬಳಿ ನಿಂತು, “ಮಾಸ್ತರ್ರೇ, ಎಡಗೈಲಿ ಕೊಡಾದು ನಾ ಕಲಿಸಿಲ್ರಿ. ಏನಾಗೈತ್ರಿ ನನ್ ಮಗುಗೆ?” ಎಂದರು. ಮಹಾನಗರಗಳು ಮನುಷ್ಯನನ್ನು ಬದಲಿಸುತ್ತವೆಂದು ನಾನು ಗಂಭೀರವಾಗಿ ವಿವರಿಸಿದೆ. ಆಕೆ ಕಣ್ಣೊರೆಸಿಕೊಂಡು, ನಡತೆ ಕಲಿಯುವ ತನಕ ಹಬ್ಬಕ್ಕೆ ಬರುವುದು ಬೇಡವೆಂದು ಅವನಿಗೆ ಬರೆಯಲು ಹೇಳಿದರು. ಆಕೆ ಹೇಳಿದ್ದು ಒಂದು ಮಾತು. ನಾನು ಬರೆದದ್ದು ನಾಲ್ಕು ಪುಟ.

ಹದಿನೈದು ದಿನದ ಮೇಲೆ ಹರಿಹರದ ಟಾಕೀಸಿನಲ್ಲಿ ಅದೇ ಸುದ್ದಿಚಿತ್ರ ಕಂಡೆ. ಅಲ್ಲಿ ಸೂರಪ್ಪ ಬಲಗೈಯಲ್ಲಿ ಕೊಟ್ಟ, ಎಲ್ಲರೂ ಬಲಗೈಯಲ್ಲೇ ಕೊಟ್ಟು ತೆಗೆದುಕೊಂಡರು, ಸೆರಗು ತನ್ನ ಜಾಗದಲ್ಲಿತ್ತು, ಚಪ್ಪಾಳೆಯೂ ಕೇಳಿಸಿತು. ಅಲ್ಲಿನ ಆಪರೇಟರ್ ಕರಿಬಸವರಾಜನನ್ನು ಹುಡುಕಿ ಹೋದೆ. ನಮ್ಮೂರಿನಿಂದ ಬಂದ ಆ ರೀಲಿನಲ್ಲಿ ಫಿಲಂ ಹರಿದಾಗ ಯಾರೋ ಆ ತುಂಡನ್ನು ಮಗುಚಿ ಅಂಟಿಸಿದ್ದರಂತೆ, ಅದಕ್ಕೇ ಬಲ ಎಡವಾಗಿ, ಅಂಚಿನ ಧ್ವನಿಪಟ್ಟಿ ಆಚೆ ಬದಿಗೆ ಸರಿದು ಧ್ವನಿಯೂ ಹೋಗಿತ್ತಂತೆ; ಅವನು ಬಿಚ್ಚಿ ನೆಟ್ಟಗೆ ಅಂಟಿಸಿದ್ದ. “ನಿಮ್ಮೂರಾಗೆ ಯಾರೂ ನೋಡ್ಲೇ ಇಲ್ಲೇನ್ರಿ ಸಾರ್?” ಎಂದ. ನೋಡಿದ್ದಲ್ಲದೆ ಅಚ್ಚೂ ಹಾಕಿಸಿದ್ದ ನಾನು ಮುಂದಿನ ಬಸ್ಸು ಹಿಡಿದು ಊರಿಗೆ ಬಂದೆ.

ತಮ್ಮನ್ನು ದೂರಲಾರೆ. ಮಗುಚಿ ಕೊಟ್ಟದ್ದನ್ನು ತಾವು ಮಗುಚಿಯೇ ತೋರಿಸಿದಿರಿ, ಅದಕ್ಕೆ ಅರ್ಥ ಹಚ್ಚಲಿಲ್ಲ. ಆ ಸಂಯಮವನ್ನು ನನಗೂ ಸ್ವಲ್ಪ ಕಲಿಸಬೇಕು. ಜೊತೆಗೆ, ನನ್ನ ಕಾಗದ ಹೊತ್ತು ಹೋದ ರೈಲನ್ನು ರೀಲಿನಂತೆ ಹಿಂದಕ್ಕೆ ಸುತ್ತಿ ದಾವಣಗೆರೆ ಸ್ಟೇಷನ್ನಿನಲ್ಲಿ ನಿಲ್ಲಿಸಬೇಕೆಂದೂ, ಸಾಧ್ಯವಾದರೆ ನನ್ನನ್ನೂ ಒಮ್ಮೆ ಬಿಚ್ಚಿ ನೆಟ್ಟಗೆ ಅಂಟಿಸಬೇಕೆಂದೂ ಬೇಡುತ್ತೇನೆ.

ತಮ್ಮ ಬೆಳಕಿನಲ್ಲೇ ದಾರಿ ತಪ್ಪಿದ
ತಮ್ಮ ವಿಶ್ವಾಸಿ,
ವಾಮದೇವಪ್ಪ

ತಾ.ಕ.: ಇಷ್ಟು ಬರೆದಿಟ್ಟು, ತಪ್ಪೊಪ್ಪಿಕೊಳ್ಳಲು ಉಚ್ಚೆಂಗೆಮ್ಮನವರ ಮನೆಗೆ ಹೋದೆ. ನನ್ನ ಕಾಗದ ಹೋದ ಮರುದಿನವೇ ಆಕೆ ಪಕ್ಕದ ಮನೆಯ ಹಜೀರಾಬೀ ಕೈಯಲ್ಲಿ ಒಂದು ಕಾರ್ಡು ಬರೆಸಿ ಹಾಕಿದ್ದರಂತೆ: “ಮಾಸ್ತರು ಬರ್ದಿದ್ದು ಮನಸಿಗೆ ಹಚ್ಕೋಬ್ಯಾಡ. ಯಾವ ಕೈಲಾದ್ರೂ ಕೊಡು, ಹಬ್ಬಕ್ಕೆ ಬಾ.” ಹಜೀರಾಬೀ ಓದಿದ್ದು ಮೂರನೇ ಇಯತ್ತೆ. ಸೂರಪ್ಪ ಆಗಲೇ ಬಂದಿಳಿದಿದ್ದಾನೆ. ನನ್ನ ನಾಲ್ಕು ಪುಟ ಅರ್ಥವಾಗದೆ ಜೊತೆಗೇ ತಂದಿದ್ದಾನೆ, ನಾನೇ ಓದಿ ಹೇಳಬೇಕಂತೆ.