ಪದ್ಮಶ್ರೀಯ ಹಣೆಗೊಂದು ಬ್ಯಾಡ್ಜು

ನನಗೆ ಕಿವಿ ಕೇಳಿಸುವುದಿಲ್ಲ ಎಂಬುದು ನನ್ನ ಹೆಂಡತಿ ಪದ್ಮಶ್ರೀಯ (ಪ್ರಶಸ್ತಿಯಲ್ಲ, ಹೆಸರು) ಅಚಲ ನಂಬಿಕೆ. ಕಂಪಲಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಪಿರಿಯಾಪಟ್ಟಣದ ಗೊಬ್ಬರದಂಗಡಿ, ಬಟ್ಟೆ ಅಂಗಡಿಗಳಿಗೆ ಬಿಲ್ ಹಾಕುವ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕಸುಬು. ಅವಳು ಅಡಿಗೆಮನೆಯಿಂದ ಕೂಗುತ್ತಾಳೆ, ನಾನು 'ಹ್ಞೂಂ' ಅನ್ನುತ್ತೇನೆ. ಆ ಹ್ಞೂಂಕಾರಕ್ಕೂ ನನ್ನ ಕಿವಿಗೂ ಯಾವ ಸಂಬಂಧವೂ ಇಲ್ಲವೆಂದು ಅವಳು ಮದುವೆಯಾದ ಹೊಸದರಲ್ಲೇ ಕಂಡುಹಿಡಿದಿದ್ದಾಳೆ.

ಒಂದು ದಿನ ನೇರವಾಗಿ ಬಂದು ನನಗೂ ಪರದೆಗೂ ನಡುವೆ ನಿಂತಳು. "ರೀ, ಕೂಗಿ ಕೂಗಿ ನನ್ ಗಂಟ್ಲು ಕಟ್ಕಂಡೋಯ್ತು ಕಣ್ರೀ. ಮಿಕ್ಸಿ ಜಾರು ಸೋರ್ತದೆ ಅಂತ ಎಷ್ಟು ಸಲ ಯೋಳ್ಲಿ? ಆ ಕಂಪ್ಯೂಟ್ರು ಟಿಣ್ ಅಂದ್ರೆ ಎದ್ದು ಬಿದ್ದು ನೋಡ್ತೀರ. ನಾನೂ ಅದ್ರೊಳಗೇ ಓಗಿ ಕುಂತ್ಕಬೇಕಾ?"

ಯಾಕೆ ಕೂರಬಾರದು ಅನ್ನಿಸಿತು.

ಕಂಪ್ಯೂಟರ್ ಪರದೆಯ ಕೆಳಗೆ ಬಲಮೂಲೆಯಲ್ಲಿ, ಗಡಿಯಾರದ ಪಕ್ಕ, ಅಕ್ಕಿಕಾಳಿನಷ್ಟು ಚಿತ್ರಗಳು ಸಾಲಾಗಿ ಕೂತಿರುತ್ತವೆ. ಆ ಜಾಗಕ್ಕೆ ಸಿಸ್ಟಮ್ ಟ್ರೇ ಅನ್ನುತ್ತಾರೆ. ಅಲ್ಲಿ ಹೆಂಡತಿಗೊಂದು ಐಕಾನು ಮಾಡಿಬಿಡುವುದು. ಅವಳು ಮೊಬೈಲಿನಲ್ಲಿ ಕೆಲಸ ಬರೆದು ಕಳಿಸಿದರೆ ಐಕಾನಿನ ಮೇಲೆ ಬ್ಯಾಡ್ಜು ಎಂಬ ಕೆಂಪು ಚುಕ್ಕೆ, ಅದರೊಳಗೆ ಬಾಕಿ ಕೆಲಸಗಳ ಅಂಕಿ. ನಾನು ಒಂದು ಮುಗಿಸಿದರೆ ಅಂಕಿ ಒಂದು ಇಳಿಯುತ್ತದೆ. ಕೂಗಾಟವಿಲ್ಲ, ಹ್ಞೂಂಕಾರವಿಲ್ಲ. ದಾಂಪತ್ಯದ ಇತಿಹಾಸದಲ್ಲಿ ಇಂಥದೊಂದು ಮಹಾಸಂಶೋಧನೆ ಆಗಿರಲಾರದು ಎಂದು ನನಗೆ ಪೂರ್ತಿ ಖಾತ್ರಿಯಿತ್ತು.

ಒಪ್ಪಂದವೂ ಆಯಿತು. ಅಂಕಿ ಸೊನ್ನೆಗೆ ಇಳಿದರೆ ಆ ಭಾನುವಾರ ಪೂರ್ತಿ ನನ್ನದು. ಎನ್. ಬೇಗೂರಿನ ಗೆಳೆಯ ಮೂರ್ತಿ ನಾಟಿಕೋಳಿ ಸಾರು, ಮುದ್ದೆಗೆ ಬಾ ಎಂದು ಕರೆಯುತ್ತಲೇ ಇದ್ದ. ಪ್ರತಿ ಭಾನುವಾರವೂ ಒಂದಲ್ಲ ಒಂದು ಕೆಲಸ ನನ್ನ ಕಾಲಿಗೆ ತೊಡರಿಕೊಳ್ಳುತ್ತಿತ್ತು. ಆ ಸಾರಿನ ಆಸೆ ನನ್ನನ್ನು ಎಷ್ಟು ಕಾಡಿತ್ತೆಂದರೆ, ಪಕ್ಕದ ಮನೆಯ ಹುಂಜ ಕೂಗಿದರೂ ಬಾಯಲ್ಲಿ ನೀರೂರುತ್ತಿತ್ತು.

"ಸೊನ್ನೆ ಆಗ್ಲಿ ಬುಡಿ. ಆಮೇಕೆ ಎಲ್ಲಿಗಾದ್ರೂ ಓಗಿ, ನಾನು ತುಟಿ ಪಿಟಕ್ಕನ್ನಲ್ಲ" ಎಂದು ಪದ್ಮಶ್ರೀ ಮಾತು ಕೊಟ್ಟಳು.

ಐಕಾನಿಗೆ ಮೊದಲು ಗಂಟೆಯ ಚಿತ್ರ ಹಾಕಿದೆ. ಗಂಟೆಯನ್ನು ಕಡೆಗಣಿಸುವುದು ನನಗೆ ಸುಲಭವಾಯಿತು. ಅದಕ್ಕೆ ಹೆಂಡತಿಯ ಫೋಟೋವನ್ನೇ ಹಾಕಿದೆ. ಟ್ರೇ ಐಕಾನಿಗೆ ಬ್ಯಾಡ್ಜನ್ನು ಹೊರಗಿನಿಂದ ಅಂಟಿಸಲು ಬರುವುದಿಲ್ಲ. ಚಿತ್ರದ ಮೇಲೇ ಅಂಕಿ ಬರೆದು ಪ್ರತಿ ಸಲ ಇಡೀ ಚಿತ್ರವನ್ನೇ ಬದಲಿಸಬೇಕು. ವಾಡಿಕೆಯಂತೆ ಕೆಳಗೆ ಬಲಕ್ಕೆ ಬರೆದೆ.

"ನನ್ ಬಾಯಿ ಮುಚ್ಚಾಕ್ಬುಟ್ರಲ್ಲ!"

ಮೇಲೆ ಬಲಕ್ಕೆ ಸರಿಸಿದೆ.

"ಓಲೆ ಕಾಣಾಕಿಲ್ಲ. ನಮ್ಮವ್ವ ಮಾಡ್ಸಿದ್ದು ಅಂತ ತಾನೆ?"

ಕೊನೆಗೆ ಹಣೆಯ ನಟ್ಟನಡುವೆ ಇಟ್ಟೆ. ಕೆಂಪಗೆ, ದುಂಡಗೆ, ಲಕ್ಷಣವಾಗಿ ಕೂತಿತು. ಅವಳಿಗೂ ಹಿಡಿಸಿತು. ಒಂದೇ ತೊಡಕು: ಫೋಟೋದಲ್ಲಿದ್ದ ಅಸಲಿ ಕುಂಕುಮದ ಬೊಟ್ಟು ಅಡಿಯಿಂದ ಇಣುಕಿ, ಮೂರು ಎಂಬುದು ಎಂಟರ ಹಾಗೆ ಕಂಡು ನನ್ನ ಎದೆ ಒಡೆಯುತ್ತಿತ್ತು. ಆದ್ದರಿಂದ ಅಸಲಿಯನ್ನು ಅಳಿಸಿದೆ. ಎಲ್ಲ ಅಂಕಿಗಳನ್ನೂ ಹಾಕಿ ಪರೀಕ್ಷೆ ಮಾಡಿದೆ. (ಸೊನ್ನೆಯೊಂದನ್ನು ಬಿಟ್ಟು. ನಮ್ಮ ಮನೆಯಲ್ಲಿ ಅದರ ಸಂಭವ ಅಷ್ಟು ಕಡಿಮೆಯಿತ್ತು.)

ಆ ವಾರ ನಾನು ಗಾಣದೆತ್ತಿನಂತೆ ದುಡಿದೆ. ಮಿಕ್ಸಿ ಜಾರು ರಿಪೇರಿಯಾಯಿತು, ರಾಗಿ ಹಿಟ್ಟಾಯಿತು, ಕಿಟಕಿಗೆ ಸೊಳ್ಳೆಪರದೆ ಬಂತು. ಪದ್ಮಶ್ರೀ ಎರಡು ಸೇರಿಸಿದರೆ ನಾನು ಮೂರು ಇಳಿಸಿದೆ. ಭಾನುವಾರ ಬೆಳಿಗ್ಗೆ ಹಣೆಯ ಮೇಲೆ ಒಂದೇ ಒಂದು ಉಳಿದಿತ್ತು: 'ಅವ್ವನ್ನ ಬಸ್ ಸ್ಟ್ಯಾಂಡಿಂದ ಕರ್ಕಂಡು ಬರೋದು.' ಹೆಗ್ಗಡದೇವನಕೋಟೆಯಿಂದ ಬಂದ ಅತ್ತೆ ಜಯಲಕ್ಷ್ಮಮ್ಮನವರನ್ನು ಚೀಲಸಮೇತ ತಂದು ಕೋಣೆಯ ಕುರ್ಚಿಯಲ್ಲಿ ಪ್ರತಿಷ್ಠಾಪಿಸಿದೆ. ಅಷ್ಟರಲ್ಲಿ ಮೂರ್ತಿಯ ಫೋನು. "ಕೋಳಿ ಕುಯ್ದಾಯ್ತು ಕಣ್ಲಾ, ಬತ್ತೀಯೋ ಇಲ್ವೋ?"

"ಬಂದೆ ಕಣ್ಲಾ" ಎಂದೆ. ಆ ಎರಡು ಮಾತಿನಲ್ಲಿ ನನ್ನ ಇಡೀ ಜನ್ಮದ ಆನಂದವಿತ್ತು.

ಅಲ್ಲಿಗೇ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಅತ್ತೆಯ ಮುಂದೆ ಪ್ರತಾಪ ತೋರಿಸುವ ಚಪಲ ಬಿಡಲಿಲ್ಲ. ಐಕಾನು ಒತ್ತಿ ಫೋಟೋವನ್ನು ಪರದೆಯ ತುಂಬ ದೊಡ್ಡದು ಮಾಡಿದೆ.

"ಅಯ್, ನಮ್ ಪದ್ದಿ! ಬೊಟ್ಟೊಳಗೆ ಅದೇನೋ ಬರ್ದಂಗದೆ?"

"ನೋಡ್ತಾ ಇರಿ ಅತ್ತೆ, ಈಗ ಸೊನ್ನೆ ಮಾಡ್ತೀನಿ" ಎಂದು ಠೀವಿಯಿಂದ ಗುಂಡಿ ಒತ್ತಿದೆ.

ಕೆಲಸ ಮುಗಿಯಿತು. ಬ್ಯಾಡ್ಜು ಮಾಯವಾಯಿತು. ಪರದೆಯ ತುಂಬ ನನ್ನ ಹೆಂಡತಿ, ಓಲೆ, ತಾಳಿ, ನಗು, ಬೋಳು ಹಣೆ.

"ಅಯ್ಯಯ್ಯೋ ಶಿವನೇ!" ಅತ್ತೆ ಎದೆ ಬಡಿದುಕೊಂಡರು. "ಗುಂಡ್ಕಲ್ಲಂಗೆ ಗಂಡ ಎದ್ರಿಗೇ ಕುಂತವ್ರೆ, ನನ್ ಮಗಳ ಅಣೆ ಬೋಳು ಮಾಡವ್ರಲ್ಲಪ್ಪ! ಅದೂ ಅವ್ರ ಕೈಯಾರ!"

ಪದ್ಮಶ್ರೀ ಸೌಟು ಹಿಡಿದೇ ಓಡಿಬಂದಳು. ನೋಡಿದಳು. ಅವಳ ಕಣ್ಣಲ್ಲಿ ನೀರೇ ಬಂತು. "ಏನ್ರೀ ಇದು ಅನಿಷ್ಟ! ಬೇಗೂರಿಗೆ ಬೈಕಲ್ಲಿ ಓಗೋ ದಿನವೇ ಇಂಗೆ ಕಾಣ್ಬೇಕಾ?"

ನಾನು ಸತ್ತಿಲ್ಲವೆಂದು ಇಬ್ಬರಿಗೂ ಸಮಾಧಾನ ಹೇಳಬೇಕಾಯಿತು. "ಅಸಲಿ ಬೊಟ್ಟು ವಾಪಸ್ ಹಾಕ್ತೀನಿ ಕಣೇ. ಹತ್ತು ನಿಮಿಷದ ಕೆಲಸ."

"ಮೊದ್ಲು ಆಕಿ!" ಎಂದವಳೇ ಅಭ್ಯಾಸಬಲದಿಂದ ಮೊಬೈಲು ತೆಗೆದು 'ಬೊಟ್ಟು ವಾಪಸ್ ಹಾಕೋದು' ಎಂದು ಬರೆದು ಕಳಿಸಿದಳು. ಟಿಣ್ ಎಂದಿತು. ಹಣೆಯ ಮೇಲೆ ಕೆಂಪಗೆ, ದುಂಡಗೆ ಬ್ಯಾಡ್ಜು ಮೂಡಿತು. ಒಳಗೆ ಒಂದು.

ಅತ್ತೆ ಉಸಿರು ಬಿಟ್ಟು ಪರದೆಗೇ ದೃಷ್ಟಿ ನಿವಾಳಿಸಿದರು. "ಬಂತಲ್ಲ ಮುತ್ತೈದೆ ಕಳೆ! ಸಾಕು, ಇನ್ನು ಅದುಕ್ಕೆ ಕೈ ಆಕ್ಬೇಡಿ ಅಳಿಯಂದ್ರೆ. ಇನ್ನೊಂದ್ಸಲ ಅಳ್ಸಿ ಬರೆಯೋದು ಬ್ಯಾಡ."

"ಹಾಗಾದ್ರೆ ನಾನು ಬೇಗೂರಿಗೆ ಹೊರಟೆ" ಎಂದು ಬೈಕಿನ ಕೀಲಿ ಎತ್ತಿಕೊಂಡೆ.

ಪದ್ಮಶ್ರೀ ಕಣ್ಣೊರೆಸಿಕೊಂಡು ಪರದೆ ನೋಡಿದಳು, ನನ್ನನ್ನೂ ನೋಡಿದಳು. "ಸೊನ್ನೆ ಆದ್ರೆ ತಾನೇ ಅಂದಿದ್ದು? ಒಂದು ಬಾಕಿ ಅದೆಯಲ್ಲ."

ಅದು ಇವತ್ತಿಗೂ ಬಾಕಿಯಿದೆ. ಹತ್ತು ನಿಮಿಷದ ಕೆಲಸ.